ಕಿಟಕಿಯ ಮೇಲಿನ ಲೋಟ

*ದಿನಕ್ಕೊಂದು ಧಮ್ಮ ಚಿಂತನೆ*




ಕಳೆದ ಭಾನುವಾರ ಮಂಡಿ ಮೊಹಲ್ಲಾದಲ್ಲಿ ನಮ್ಮ ಅಧ್ಯಯನ ಕೂಟ ಸೇರಿದಾಗ ತ್ರಿಸರಣ, ಪಂಚಶೀಲ ಮುಗಿಸಿ ಎಂದಿನಂತೆ ಮೈತ್ರಿ ಧ್ಯಾನಕ್ಕೆ ಕುಳಿತೆವು. ಅದರ ಕ್ರಮ ನಿಮಗೆ ಗೊತ್ತೇ ಇದೆ. ಮೊದಲು ತನಗೆ ಒಳ್ಳೆಯದನ್ನು ಬಯಸಬೇಕು: ನಾನು ಸುಖವಾಗಿರಲಿ, ನನಗೆ ಭಯ ಇಲ್ಲದಿರಲಿ. ಆಮೇಲೆ ಮನೆಯವರು, ಬೇಕಾದವರು. ಆಮೇಲೆ ಬರೀ ಮುಖಪರಿಚಯ ಇರುವವರು. ಆಮೇಲೆ ನಮಗೆ ಆಗದವರು. ಕೊನೆಗೆ ಸಕಲ ಜೀವಿಗಳು.

ಕಣ್ಣು ಬಿಟ್ಟ ಮೇಲೆ ಒಬ್ಬ ಅಕ್ಕ ಹೇಳಿದರು: "ನಂಗೆ ಆ ಮೊದಲ್ನೇದೇ ಬರಲ್ಲ ಕಣಣ್ಣ. ನಾನು ಮಕ್ಕಳಿಂದ ಶುರು ಮಾಡ್ಕೋತೀನಿ. 'ನಾನು' ಅನ್ನೋ ಜಾಗ ಬಂದ್ರೆ ದಾಟ್ಕೊಂಡು ಹೋಗ್ಬಿಡ್ತೀನಿ."

ಎಲ್ಲರೂ ನಕ್ಕರು. ಅಕ್ಕನೂ ನಕ್ಕರು. ಆದರೆ ಟೀ ಕುಡಿಯುವಾಗ ಮಾತಿಗೆ ಮಾತು ಬಂದು ಒಂದು ವಿಷಯ ಹೊರಬಿತ್ತು. ಎರಡು ವರ್ಷದಿಂದ ಅವರಿಗೆ ಮೆಟ್ಟಿಲು ಹತ್ತಿದರೆ ಎದೆ ಹಿಡಿದಂತಾಗುತ್ತದೆ, ಎಡಗೈ ಸೆಳೆಯುತ್ತದೆ. ಯಾರಿಗೂ ತೋರಿಸಿಲ್ಲ. ಇದೇ ಅಕ್ಕ ಹೋದ ವರ್ಷ ಅತ್ತೆಗೆ ಕಾಯಿಲೆಯಾದಾಗ ಆಸ್ಪತ್ರೆಯಲ್ಲಿ, "ನೀವು ನೋಡೋವರೆಗೂ ಈ ಬಾಗಿಲು ಬಿಟ್ಟು ಕದಲಲ್ಲ" ಎಂದು ನಿಂತವರು. ಮಗನ ಶಾಲೆಯಲ್ಲಿ ಏನೋ ಅನ್ಯಾಯವಾಯಿತೆಂದು ಒಬ್ಬರೇ ಹೋಗಿ ದನಿ ಎತ್ತಿ ಮಾತಾಡಿ ಬಂದವರು. ತಮ್ಮ ಎದೆನೋವಿನ ಮಾತು ಬಂದಾಗ ಅದೇ ಬಾಯಿಂದ, "ನಂದೇನ್ ಬಿಡಿ" ಎಂದರು.

ನಾನು ಆಗ ನಗಲಿಲ್ಲ. ನನ್ನ ಗುಟ್ಟನ್ನು ಬೇರೆ ಯಾರೋ ಎಲ್ಲರ ಮುಂದೆ ಹೇಳಿದ ಹಾಗಾಯಿತು. ಅದಕ್ಕೇ ಇವತ್ತಿನ ಚಿಂತನೆಯಲ್ಲಿ ಆ ಗುಟ್ಟನ್ನು ನಾನೇ ಹೇಳಿಬಿಡುತ್ತೇನೆ.

ಇದೇ ಮಂಡಿ ಮೊಹಲ್ಲಾದ ಒಂದು ಕಾಳುಕಡ್ಡಿ ಮಂಡಿಯಲ್ಲಿ ನಾನು ಹದಿನಾಲ್ಕು ವರ್ಷ ಲೆಕ್ಕ ಬರೆದೆ. ಯಾವ ಅಂಗಡಿ, ಯಜಮಾನರು ಯಾರು ಎಂಬುದು ಇಲ್ಲಿ ಬೇಡ. ರಾಗಿ, ಅವರೆ, ಹುರುಳಿ, ಬೂಸಾ ಮೂಟೆಗಳು ಬರುತ್ತಿದ್ದವು, ಹೋಗುತ್ತಿದ್ದವು. ಗಲ್ಲಾದ ಪಕ್ಕ ನೀರಿನ ಹೂಜಿ, ಅದರ ಮೇಲಿನ ಹಲಗೆಯ ಮೇಲೆ ಆರೇಳು ಸ್ಟೀಲ್ ಲೋಟ. ಹಿಂದಿನ ಕಿಟಕಿಯ ಅಂಚಿನ ಮೇಲೆ ಬೇರೆ ಎರಡು ಲೋಟ. ಅಂಚು ನೆಗ್ಗಿದ ಒಂದು ನನ್ನದು. ಇನ್ನೊಂದು ಮೂಟೆ ಹೊರುತ್ತಿದ್ದ ನಮ್ಮವನೇ ಆದ ಒಬ್ಬ ಹುಡುಗನದು. ಬಾಯಿಬಿಟ್ಟು ಯಾರೂ ಏನೂ ಹೇಳಿದ್ದಿಲ್ಲ. ಮೊದಲ ದಿನ ನಾನು ನೀರು ಕೇಳಿದಾಗ ಯಾರೋ ಕಿಟಕಿಯ ಕಡೆಗೆ ಗದ್ದ ಎತ್ತಿ ತೋರಿಸಿದರು, ಅಷ್ಟೆ. ಆ ಒಂದು ಸನ್ನೆ ಹದಿನಾಲ್ಕು ವರ್ಷ ನಡೆಯಿತು.

ನಾನೇನು ತಿಳಿಯದವನಲ್ಲ. ಏಪ್ರಿಲ್ 14 ಬಂದರೆ ನೀಲಿ ಬಾವುಟ ಹಿಡಿದು ಮೆರವಣಿಗೆಯಲ್ಲಿ ಹೋಗುತ್ತಿದ್ದೆ. ಮನೆಯಲ್ಲಿ ಬಾಬಾಸಾಹೇಬರ ಪಟ, ಬುದ್ಧರ ಪಟ ಎರಡೂ ಇದ್ದವು. ಮಾರನೇ ದಿನ ಹತ್ತು ಗಂಟೆಗೆ ಹೋಗಿ ಕಿಟಕಿಯ ಲೋಟದಲ್ಲಿ ನೀರು ಕುಡಿದು ಲೆಕ್ಕದ ಪುಸ್ತಕ ತೆಗೆಯುತ್ತಿದ್ದೆ.

ಒಂದು ಬೇಸಿಗೆ ರಜೆಯಲ್ಲಿ ನನ್ನ ಮಗಳು ಊಟದ ಡಬ್ಬಿ ತಂದಳು. ಆಗ ಅವಳಿಗೆ ಹತ್ತು ವರ್ಷ. ಬಿಸಿಲಲ್ಲಿ ನಡೆದು ಬಂದು ಮುಖ ಕೆಂಪಾಗಿತ್ತು. "ನೀರು" ಎಂದಳು. ಅಂಗಡಿಯ ಆಳು ಕಿಟಕಿಯ ಕಡೆ ಹೋಗಿ ಆ ನೆಗ್ಗಿದ ಲೋಟ ತೆಗೆದ. ಅವನು ಅದನ್ನು ಹೂಜಿಯ ಹತ್ತಿರ ತರುವಷ್ಟರಲ್ಲಿ ನಾನು ಎದ್ದಿದ್ದೆ. ಹೇಗೆ ಎದ್ದೆ ಎಂದು ನನಗೇ ಗೊತ್ತಿಲ್ಲ. ಹಲಗೆಯ ಮೇಲಿನ ಸ್ಟೀಲ್ ಲೋಟ ತೆಗೆದುಕೊಂಡೆ, ನಾನೇ ಹೂಜಿಯಿಂದ ನೀರು ಬಗ್ಗಿಸಿದೆ, ಮಗಳ ಕೈಗೆ ಕೊಟ್ಟೆ. "ಕುಡಿಯವ್ವ" ಎಂದೆ. ಗಲ್ಲಾದ ಮುಂದೆ ಕುಳಿತಿದ್ದ ಯಜಮಾನರು ನೋಡಿದರು. ನಾನೂ ಅವರ ಮುಖ ನೋಡಿದೆ. ಹದಿನಾಲ್ಕು ವರ್ಷದಲ್ಲಿ ಹಾಗೆ ನೋಡಿದ್ದು ಅದೇ ಮೊದಲು. ಅವರು ಏನೂ ಅನ್ನಲಿಲ್ಲ. ಎಲ್ಲ ಸೇರಿ ಅರ್ಧ ನಿಮಿಷದ ಕೆಲಸ.

ಕಥೆ ಇಲ್ಲಿಗೇ ನಿಂತಿದ್ದರೆ ನಾನು ಎದೆ ಉಬ್ಬಿಸಿ ಹೇಳಿಕೊಳ್ಳಬಹುದಿತ್ತು. ಆ ರಾತ್ರಿ ಮಲಗುವಾಗ ಮಗಳು ಕೇಳಿದಳು: "ಅಪ್ಪಾ, ಆ ಕಿಟಕಿ ಮೇಲಿನ ಲೋಟ ಯಾರ್ದು?"

"ಯಾರ್ದೋ ಇರ್ಬೇಕು, ಮಲಕ್ಕೊ" ಎಂದೆ.

ಮಾರನೇ ದಿನ ಅಂಗಡಿಗೆ ಹೋದೆ. ಬಾಯಾರಿಕೆಯಾಯಿತು. ಎದ್ದು ಹೋಗಿ ಕಿಟಕಿಯ ಮೇಲಿನ ನೆಗ್ಗಿದ ಲೋಟವನ್ನೇ ತೆಗೆದುಕೊಂಡೆ. ಯಾರೂ ಹೇಳಲಿಲ್ಲ, ಯಾರೂ ತಡೆಯಲಿಲ್ಲ. ಕೈ ತಾನಾಗಿ ಅಲ್ಲಿಗೇ ಹೋಯಿತು.

*ಆ ಎರಡು ದಿನಗಳ ನಡುವೆ ಏನಾಯಿತು?*

ಬಂಧುಗಳೇ, ನನ್ನನ್ನು ಇಷ್ಟು ವರ್ಷ ಕಾಡಿದ ಪ್ರಶ್ನೆ ಇದೇ. ಧೈರ್ಯ ಇಲ್ಲದವನು ಅಂತ ನನ್ನನ್ನು ನಾನು ಅಂದುಕೊಂಡಿದ್ದೆ. ಅದು ಸುಳ್ಳು ಎಂದು ಹಿಂದಿನ ದಿನವೇ ಗೊತ್ತಾಗಿತ್ತು. ಧೈರ್ಯ ಇತ್ತು, ಬೇಕಾದಷ್ಟಿತ್ತು. ಅದೇ ಅಂಗಡಿ, ಅದೇ ಯಜಮಾನರು, ಅದೇ ಹೂಜಿ. ಹಾಗಿದ್ದರೆ ಕೊರತೆ ಇದ್ದದ್ದು ಎಲ್ಲಿ?

ಮೊದಲು ನನ್ನ ಪರವಾಗಿ ಒಂದು ಮಾತು ಹೇಳಿಬಿಡುತ್ತೇನೆ. ನಾನು ಸುಮ್ಮನಿದ್ದದ್ದು ಬರೀ ಹೇಡಿತನ ಅಲ್ಲ. ಜೂನ್ ಬಂದರೆ ಶಾಲೆಯ ಫೀಸು, ಪುಸ್ತಕ, ಯೂನಿಫಾರ್ಮ್. ಕೆಲಸ ಹೋದರೆ ಮಗಳ ಓದು ನಿಲ್ಲುತ್ತದೆ. ಅಂದರೆ ಅವಳಿಗಾಗಿಯೇ ಎದ್ದು ನಿಂತೆ, ಅವಳಿಗಾಗಿಯೇ ಹದಿನಾಲ್ಕು ವರ್ಷ ತಲೆ ತಗ್ಗಿಸಿದೆ. ಎರಡೂ ಒಂದೇ ಪ್ರೀತಿಯಿಂದ ಬಂದದ್ದು. ನಮ್ಮ ಅಪ್ಪ ಅಮ್ಮಂದಿರು ನುಂಗಿಕೊಂಡ ಅವಮಾನಗಳಲ್ಲಿ ಮುಕ್ಕಾಲು ಪಾಲು ಇಂಥದ್ದೇ. ಅದನ್ನು ಯಾರೂ ಹಗುರವಾಗಿ ಮಾತಾಡಬಾರದು.

ಆದರೆ ಅದಷ್ಟೇ ನಿಜ ಎಂದರೆ ನಾನು ನಿಮಗೆ ಸುಳ್ಳು ಹೇಳಿದ ಹಾಗೆ. ಕೆಲಸ ಹೋಗುವ ಭಯವೇ ಕಾರಣವಾಗಿದ್ದರೆ, ಮಗಳಿಗೆ ಸ್ಟೀಲ್ ಲೋಟ ಕೊಟ್ಟಾಗಲೂ ಕೆಲಸ ಹೋಗಬಹುದಿತ್ತಲ್ಲ? ಅಪಾಯ ಅಷ್ಟೇ ಇತ್ತು. ಆಗ ಅದು ನೆನಪಿಗೇ ಬರಲಿಲ್ಲ. ಫೀಸಿನ ಕೆಳಗೆ ಇನ್ನೊಂದು ಮಾತು ಅವಿತು ಕುಳಿತಿತ್ತು. ಅದನ್ನು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ: *ಆ ಲೋಟ ನನ್ನ ಮಗಳಿಗೆ ತಕ್ಕದ್ದಲ್ಲ, ನನಗೆ ಪರವಾಗಿಲ್ಲ.*

'ನನಗೆ ಪರವಾಗಿಲ್ಲ.' 'ನಂದೇನ್ ಬಿಡಿ.' ಈ ಮಾತುಗಳನ್ನು ನಾವು ತ್ಯಾಗ ಎಂದುಕೊಳ್ಳುತ್ತೇವೆ. ಬೇರೆಯವರ ಬಾಯಲ್ಲಿ ಅದು ತ್ಯಾಗವೇ ಇರಬಹುದು. ಆದರೆ ತಲೆತಲಾಂತರದಿಂದ 'ನೀನು ಕಡಿಮೆ' ಎಂದು ಕಲಿಸಿದ ಜನ ನಾವು. ನಮ್ಮ ಬಾಯಲ್ಲಿ ಆ ಮಾತು ಬಂದಾಗ, ಇದು ತ್ಯಾಗವೋ ಅಥವಾ ಹಳೆಯ ಪಾಠವೇ ಒಳ್ಳೆಯ ಬಟ್ಟೆ ಹಾಕಿಕೊಂಡು ಬಂದಿದೆಯೋ ಎಂದು ಒಮ್ಮೆ ತಡೆದು ನೋಡಬೇಕು.

*ಮಲ್ಲಿಕಾ ಕೊಟ್ಟ ಉತ್ತರ*

ಸಂಯುತ್ತ ನಿಕಾಯದಲ್ಲಿ ಒಂದು ಸಣ್ಣ ಪ್ರಸಂಗ ಬರುತ್ತದೆ. ಕೋಸಲದ ರಾಜ ಪಸೇನದಿ ತನ್ನ ರಾಣಿ ಮಲ್ಲಿಕಾಳನ್ನು ಕೇಳುತ್ತಾನೆ: ನಿನಗೆ ನಿನಗಿಂತ ಪ್ರಿಯರಾದವರು ಯಾರಾದರೂ ಇದ್ದಾರೆಯೇ? 'ನೀವೇ ಮಹಾರಾಜ' ಎನ್ನುವ ಉತ್ತರವನ್ನು ಅವನು ಬಯಸಿದ್ದ ಎಂದು ಹಳೆಯ ವ್ಯಾಖ್ಯಾನಕಾರರು ಹೇಳುತ್ತಾರೆ. ಮಲ್ಲಿಕಾ ಹೂ ಕಟ್ಟುವವರ ಮನೆಯ ಮಗಳು ಎನ್ನುವುದು ಪರಂಪರೆಯ ಮಾತು. ನಮ್ಮ ದೇವರಾಜ ಮಾರುಕಟ್ಟೆಯಲ್ಲಿ ಹೂ ಕಟ್ಟುವ ಅಕ್ಕಂದಿರಂಥ ಮನೆಯಿಂದ ಅರಮನೆಗೆ ಬಂದವಳು ಎಂದುಕೊಳ್ಳಿ. ಅವಳು ರಾಜನ ಮುಖ ನೋಡಿ, ನನಗೆ ನನಗಿಂತ ಪ್ರಿಯರು ಯಾರೂ ಇಲ್ಲ ಎಂದುಬಿಟ್ಟಳು. ತನ್ನ ಸ್ಥಿತಿಯೂ ಅದೇ ಎಂದು ರಾಜ ಒಪ್ಪಿಕೊಂಡ. ಆದರೂ ಮನಸ್ಸು ತಡೆಯದೆ ಭಗವಾನರ ಬಳಿಗೆ ಹೋದ.

ಭಗವಾನರು ಮಲ್ಲಿಕಾಳನ್ನು ಸ್ವಾರ್ಥಿ ಎನ್ನಲಿಲ್ಲ. ಎಲ್ಲ ದಿಕ್ಕುಗಳನ್ನು ಮನಸ್ಸಿನಿಂದ ಸುತ್ತಿ ಬಂದರೂ ತನಗಿಂತ ಪ್ರಿಯವಾದದ್ದು ಸಿಗುವುದಿಲ್ಲ, ಬೇರೆಯವರಿಗೂ ಅವರವರ ಜೀವ ಹಾಗೆಯೇ, ಆದ್ದರಿಂದ ತನ್ನನ್ನು ಪ್ರೀತಿಸುವವನು ಇನ್ನೊಬ್ಬರನ್ನು ಹಿಂಸಿಸಬಾರದು ಎಂಬ ಅರ್ಥದ ಮಾತು ಹೇಳಿದರು.

ಈ ಮಾತಿನ ಕಟ್ಟೋಣ ಗಮನಿಸಿ. ಅಹಿಂಸೆಯ ಬುನಾದಿಯನ್ನು ಅವರು ತನ್ನ ಮೇಲಿನ ಪ್ರೀತಿಯ ಮೇಲೆ ಇಟ್ಟರು. ನನ್ನ ನೋವು ನನಗೆ ನೋವು ಎಂದು ಗೊತ್ತಿದ್ದರೆ ಮಾತ್ರ ನಿನ್ನ ನೋವು ನಿನಗೆ ನೋವು ಎಂದು ಗೊತ್ತಾಗುತ್ತದೆ. ತನ್ನ ನೋವನ್ನೇ ಲೆಕ್ಕಕ್ಕೆ ಹಿಡಿಯದವನು ಆ ಬುನಾದಿಯ ಕಲ್ಲನ್ನೇ ಕಿತ್ತಂತೆ. ಮೈತ್ರಿ ಧ್ಯಾನ 'ನಾನು' ಎಂಬಲ್ಲಿಂದ ಶುರುವಾಗುವುದು ಇದಕ್ಕೇ.

ನಮ್ಮ ಕೂಟದಲ್ಲಿ ಒಬ್ಬ ಹುಡುಗ ಕೇಳಿದ: "ಬೌದ್ಧರು ಅನತ್ತ ಅಂತೀವಿ, 'ನಾನು' ಅನ್ನೋದೇ ಇಲ್ಲ ಅಂತೀವಿ. ಮತ್ತೆ ನನಗಾಗಿ ಹೋರಾಡೋದು ಏನು?" ಒಳ್ಳೆಯ ಪ್ರಶ್ನೆ. ಅನತ್ತ ಎಂದರೆ ಬದಲಾಗದ, ಶಾಶ್ವತವಾದ ಆತ್ಮ ಇಲ್ಲ ಎಂದು. ಬಾಯಾರಿಕೆ ಇಲ್ಲ, ಅವಮಾನ ಇಲ್ಲ ಎಂದಲ್ಲ. ಇನ್ನೂ ಒಂದು ವಿಷಯ ಇದೆ. 'ಮಾನ' ಎಂಬ ಬಂಧನವನ್ನು ನಮ್ಮ ಗ್ರಂಥಗಳು ಮೂರು ಬಗೆಯಲ್ಲಿ ಹೇಳುತ್ತವೆ: ನಾನು ಮೇಲು ಎನ್ನುವುದು, ನಾನು ಸಮ ಎನ್ನುವುದು, ನಾನು ಕೀಳು ಎನ್ನುವುದು. ನಾನು ಕೀಳು ಎಂದುಕೊಳ್ಳುವುದೂ ಬಂಧನವೇ! ಅದನ್ನು ವಿನಯ ಎಂದು ಪೂಜೆ ಮಾಡಬೇಕಿಲ್ಲ. ಅಳತೆಗೋಲನ್ನೇ ಕೆಳಗಿಡು ಎನ್ನುವುದು ಧಮ್ಮ. ಸಮತೆಯನ್ನು ಬದುಕಬೇಕು, ದಿನಾ ಪಕ್ಕದವನ ಎತ್ತರ ಅಳೆಯುತ್ತಾ ಕೂರಬಾರದು. ಹೀಗಿರುವಾಗ, ಕಿಟಕಿಯ ಮೇಲಿನ ಲೋಟವನ್ನು 'ನನ್ನದು' ಎಂದು ಹಿಡಿದುಕೊಂಡವನೇ ಅನತ್ತವನ್ನು ಮರೆತವನು. ಆ ಲೋಟ ಹೇಳುವ 'ನಾನು' ಎಂಬುದನ್ನು ಯಾರೋ ಮಾಡಿ ಕೊಟ್ಟದ್ದು. ಅದನ್ನೇ ನಾನು ನಿಜ ಎಂದು ನಂಬಿದ್ದೆ.

*ಬರೋಡ ಮತ್ತು ಮಹಾಡ್*

ಬಾಬಾಸಾಹೇಬರ 'ವೀಸಾಗಾಗಿ ಕಾಯುತ್ತಾ' ಎಂಬ ಸಣ್ಣ ಪುಸ್ತಕವನ್ನು ನಿಮ್ಮಲ್ಲಿ ಹಲವರು ಓದಿದ್ದೀರಿ. ಅವರು ತೀರಿಕೊಂಡು ಎಷ್ಟೋ ವರ್ಷಗಳ ಮೇಲೆ, 1990ರಲ್ಲಿ ಅದು ಪುಸ್ತಕವಾಗಿ ಬಂತು. ಅದರಲ್ಲಿ ಶಾಲೆಯ ನೀರಿನ ಮಾತು ಬರುತ್ತದೆ. ನಲ್ಲಿಯನ್ನು ಅವರು ಮುಟ್ಟುವಂತಿಲ್ಲ, ಜವಾನ ಬಂದು ತಿರುಗಿಸಬೇಕು, ಜವಾನ ಇಲ್ಲದ ದಿನ ನೀರೂ ಇಲ್ಲ. ಬರೋಡದ ಪ್ರಸಂಗವೂ ಬರುತ್ತದೆ. ಅಮೆರಿಕದಲ್ಲಿ ಓದಿ, ಲಂಡನ್ನಿನಲ್ಲಿ ಓದಿ ಬಂದ ಆ ತರುಣ 1917ರಲ್ಲಿ ಬರೋಡ ಸಂಸ್ಥಾನದ ಕೆಲಸಕ್ಕೆ ಸೇರಿದಾಗ ತಂಗಲು ಜಾಗ ಸಿಗಲಿಲ್ಲ. ಪಾರ್ಸಿಗಳ ವಸತಿಗೃಹವೊಂದರಲ್ಲಿ ಬೇರೆ ಹೆಸರಿನಲ್ಲಿ ಉಳಿದರು. ಹನ್ನೊಂದನೇ ದಿನ ಬೆಳಿಗ್ಗೆ ಒಂದು ಗುಂಪು ದೊಣ್ಣೆ ಹಿಡಿದು ಬಂದು ಹೊರಗೆ ಹೋಗು ಎಂದಿತು. ಇಬ್ಬರು ಸ್ನೇಹಿತರನ್ನು ಕೇಳಿದರು, ಇಬ್ಬರ ಮನೆಯಲ್ಲೂ ಜಾಗ ಆಗಲಿಲ್ಲ. ಕೊನೆಗೆ ಒಂದು ಉದ್ಯಾನದಲ್ಲಿ ಕುಳಿತು, ರಾತ್ರಿಯ ರೈಲು ಹತ್ತಿ ಮುಂಬಯಿಗೆ ಹೋದರು.

ಅಂದು ಅವರು ಹೊಡೆದಾಡಲಿಲ್ಲ. ಒಬ್ಬರೇ ಇದ್ದರು, ಎದುರಿಗೆ ದೊಣ್ಣೆಗಳಿದ್ದವು. ಅದನ್ನು ಹೇಡಿತನ ಎನ್ನಲು ನಮಗೆ ಯಾವ ಬಾಯಿ ಇದೆ? ಆದರೆ ಒಂದು ವ್ಯತ್ಯಾಸ ನೋಡಿ. ಅವರು ಜಾಗ ಬಿಟ್ಟರು, ಒಪ್ಪಿಕೊಳ್ಳಲಿಲ್ಲ. 'ನನಗೆ ಪರವಾಗಿಲ್ಲ' ಎನ್ನಲಿಲ್ಲ. ಹದಿನೆಂಟು ವರ್ಷವಾದ ಮೇಲೂ ಆ ದಿನ ನೆನೆದರೆ ಕಣ್ಣೀರು ಬರುತ್ತದೆ ಎಂದು ಬರೆದಿಟ್ಟರು. ತನ್ನ ನೋವನ್ನು ಲೆಕ್ಕದ ಪುಸ್ತಕದಿಂದ ಹೊಡೆದುಹಾಕಲಿಲ್ಲ. ಬಗ್ಗುವುದು ಬೇರೆ, ಒಪ್ಪುವುದು ಬೇರೆ. ಪರಿಸ್ಥಿತಿ ನಮ್ಮನ್ನು ಬಗ್ಗಿಸಬಹುದು. ಒಪ್ಪಿಸುವುದು ನಾವೇ.

ಮುಂದೆ ಹತ್ತು ವರ್ಷಕ್ಕೆ ಮಹಾಡ್. ಸಾರ್ವಜನಿಕ ಕೆರೆ ಬಾವಿಗಳು ಅಸ್ಪೃಶ್ಯರಿಗೂ ಮುಕ್ತ ಎಂದು ಮುಂಬಯಿ ಶಾಸನ ಪರಿಷತ್ತು 1923ರಲ್ಲೇ ನಿರ್ಣಯ ಮಾಡಿತ್ತು. ಮಹಾಡ್ ಪುರಸಭೆ 1924ರಲ್ಲಿ ಅದಕ್ಕೆ ಒಪ್ಪಿತ್ತು. ಕಾಗದದ ಮೇಲೆ ಹಕ್ಕು ಇತ್ತು, ಆದರೆ ಚವದಾರ್ ಕೆರೆಯ ನೀರು ಮುಟ್ಟುವ ಕೈ ಇರಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮೊದಲು ಕೆರೆಗೆ ಇಳಿದು ತಾವೇ ನೀರು ಕುಡಿದರು. ಆಮೇಲೆ ಸಾವಿರಾರು ಜನ ಕುಡಿದರು. ಅವತ್ತೇ ಏಟೂ ಬಿತ್ತು. ಹೈಕೋರ್ಟಿನ ತೀರ್ಪು ಬರಲು 1937ರವರೆಗೆ ಕಾಯಬೇಕಾಯಿತು.

ಮೊದಲು ಕುಡಿದವರು ಯಾರು ಎನ್ನುವುದನ್ನು ಮರೆಯಬಾರದು. 'ನನ್ನ ಜನರಿಗೆ ನೀರು ಕೊಡಿ, ನನಗೆ ಬೇಡ' ಎನ್ನಲಿಲ್ಲ ಅವರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲೂ ಹಾಗೆಯೇ. ಮೊದಲು ಚಂದ್ರಮಣಿ ಮಹಾಸ್ಥವಿರರಿಂದ ತಾವು ದೀಕ್ಷೆ ತೆಗೆದುಕೊಂಡರು. ಆಮೇಲೆ ಲಕ್ಷಾಂತರ ಜನರಿಗೆ ಕೊಟ್ಟರು. ನಮ್ಮ ಧಮ್ಮದ ಬಾಗಿಲೇ ಹಾಗೆ ತೆರೆದದ್ದು: ತಾನು ಒಳಗೆ ಬಂದು, ಆಮೇಲೆ ಎಲ್ಲರನ್ನೂ ಕರೆದು.

ನನ್ನ ಕಿಟಕಿಯ ಲೋಟದ ಕಾಲಕ್ಕೆ ಸಂವಿಧಾನದ 17ನೇ ವಿಧಿ ಬಂದು ದಶಕಗಳೇ ಆಗಿದ್ದವು. 1989ರ ದೌರ್ಜನ್ಯ ತಡೆ ಕಾಯ್ದೆಯೂ ಇತ್ತು. ಮಹಾಡಿನ ಕಾಗದದ ಹಾಗೆಯೇ ಅವು ನನಗಾಗಿ ಕಾಯುತ್ತಿದ್ದವು.

*ಸಾವಿತ್ರಿಬಾಯಿಯವರ ಎರಡನೇ ಸೀರೆ*

ಹಾಗಾದರೆ ಬೇರೆಯವರಿಗಾಗಿ ಜೀವ ಕೊಡುವುದು ತಪ್ಪೇ? ಅಲ್ಲ. ಸಾವಿತ್ರಿಬಾಯಿ ಫುಲೆ 1897ರ ಪುಣೆಯ ಪ್ಲೇಗಿನಲ್ಲಿ, ರೋಗ ತಗುಲಿದ ಒಬ್ಬ ದಲಿತ ಬಾಲಕನನ್ನು ಬೆನ್ನ ಮೇಲೆ ಹೊತ್ತು ಮಗ ಯಶವಂತನ ಚಿಕಿತ್ಸಾಲಯಕ್ಕೆ ತಂದರು. ಹುಡುಗ ಉಳಿದ. ಅವರಿಗೆ ಪ್ಲೇಗ್ ಅಂಟಿತು, ಮಾರ್ಚ್ 10ರಂದು ತೀರಿಕೊಂಡರು. ಇದನ್ನು ನಾವು ಪ್ರತಿ ವರ್ಷ ನೆನೆಯುತ್ತೇವೆ.

ಅದಕ್ಕೆ ಸುಮಾರು ಐವತ್ತು ವರ್ಷ ಹಿಂದಿನ ಇನ್ನೊಂದು ಸಂಗತಿಯನ್ನೂ ಜೊತೆಗಿಟ್ಟು ನೋಡಿ. ಶಾಲೆಗೆ ಹೋಗುವ ದಾರಿಯಲ್ಲಿ ಜನ ಅವರ ಮೇಲೆ ಸಗಣಿ, ಕೆಸರು ಎಸೆಯುತ್ತಿದ್ದರು. ಅವರು ಚೀಲದಲ್ಲಿ ಎರಡನೇ ಸೀರೆ ಇಟ್ಟುಕೊಂಡು ಹೋಗುತ್ತಿದ್ದರು ಎಂದು ಹೇಳುತ್ತಾರೆ. ಶಾಲೆ ತಲುಪಿ ಸೀರೆ ಬದಲಿಸಿ, ಮಕ್ಕಳ ಮುಂದೆ ಶುಭ್ರವಾಗಿ ನಿಲ್ಲುತ್ತಿದ್ದರು. 'ನನಗೆ ಪರವಾಗಿಲ್ಲ' ಎಂದು ಕೆಸರಿನ ಸೀರೆಯಲ್ಲೇ ಪಾಠ ಮಾಡಲಿಲ್ಲ. ಆ ಎರಡನೇ ಸೀರೆ ತನಗೆ ತಾನು ಕೊಟ್ಟುಕೊಂಡ ಗೌರವ. ತನ್ನ ಬೆಲೆ ಗೊತ್ತಿದ್ದು ಕೊಡುವುದು ದಾನ. ಬೆಲೆಯೇ ಇಲ್ಲ ಎಂದುಕೊಂಡು ಬಿಟ್ಟುಕೊಡುವುದು ದಾನ ಆಗಲಾರದು. ಕೈಯಲ್ಲಿ ಏನಿದೆ ಅಂತ ಕೊಡುವುದು?

*ಮೈಸೂರಿನಲ್ಲೇ ನಡೆದದ್ದು*

1973ರ ನವೆಂಬರ್. ದೇವರಾಜ ಅರಸು ಸರ್ಕಾರದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ನಮ್ಮ ಮೈಸೂರಿನ ಸಭೆಯೊಂದರಲ್ಲಿ ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಎಂಬರ್ಥದ ಮಾತಾಡಿದರು. ತಲೆಯ ಮೇಲೆ ಮಲ ಹೊರುವ ಪದ್ಧತಿಗೆ ಕರ್ನಾಟಕದಲ್ಲಿ ಅಂತ್ಯ ಹಾಡಲು ಹೊರಟವರು ಅವರೇ. ಬೂಸಾ ಎಂದದ್ದಕ್ಕೆ ರಾಜ್ಯವೆಲ್ಲ ಗಲಾಟೆಯೆದ್ದಿತು. ಹಾಸ್ಟೆಲಿನ ದಲಿತ ಹುಡುಗರ ಮೇಲೆ ಹಲ್ಲೆಗಳಾದವು. ಬಸವಲಿಂಗಪ್ಪನವರು ಮಂತ್ರಿ ಸ್ಥಾನ ಬಿಡಬೇಕಾಯಿತು. ಆಗ ಅವರ ಪರವಾಗಿ ದಲಿತ ವಿದ್ಯಾರ್ಥಿಗಳು ಬೀದಿಗೆ ಬಂದರು. ಆ ಬಿಸಿಯಲ್ಲೇ ದಲಿತ ಸಂಘರ್ಷ ಸಮಿತಿ ಹುಟ್ಟಿತು, ಪ್ರೊ. ಬಿ. ಕೃಷ್ಣಪ್ಪನವರು ಅದನ್ನು ಕಟ್ಟಿ ನಡೆಸಿದರು.

ಈ ಇತಿಹಾಸದಲ್ಲಿ ನನಗೆ ಕಾಣುವುದು ಇದು. ಹಾಸ್ಟೆಲಿನಲ್ಲಿ, ತರಗತಿಯಲ್ಲಿ, ಊರಿನಲ್ಲಿ ತಮಗಾಗುತ್ತಿದ್ದದ್ದನ್ನು ನುಂಗಿಕೊಂಡಿದ್ದ ಎಷ್ಟೋ ಹುಡುಗರಿಗೆ, ತಮ್ಮ ಪ್ರೀತಿಯ ನಾಯಕನಿಗೆ ಹೀಗಾಯಿತಲ್ಲ ಎಂದಾಗ ದನಿ ಬಂತು. ಪ್ರೀತಿಪಾತ್ರರಿಗಾಗಿ ಬಂದ ಧೈರ್ಯ ಅದು. ಆದರೆ ಅವರು ಅಲ್ಲಿಗೇ ನಿಲ್ಲಲಿಲ್ಲ. ನಾಯಕನಿಗಾಗಿ ಎತ್ತಿದ ದನಿಯಲ್ಲೇ ಭೂಮಿ ಕೇಳಿದರು, ನೀರು ಕೇಳಿದರು, ಮರ್ಯಾದೆ ಕೇಳಿದರು. ತಮಗೆ ತಾವೇ.

ಅಂದರೆ ಬೇರೆಯವರಿಗಾಗಿ ಬರುವ ಧೈರ್ಯ ಕೆಟ್ಟ ಬಾಗಿಲಲ್ಲ. ನಮ್ಮಲ್ಲಿ ಹೆಚ್ಚಿನವರು ಒಳಗೆ ಬರುವುದೇ ಆ ಬಾಗಿಲಿನಿಂದ. ಹೊಸ್ತಿಲ ಮೇಲೇ ನಿಂತುಬಿಡಬಾರದು, ಅಷ್ಟೆ.

*ಆಮೇಲೆ ಏನಾಯಿತು*

ನನ್ನ ಲೋಟದ ಕಥೆ ಮುಗಿಸುತ್ತೇನೆ. ಮಗಳ ಪ್ರಶ್ನೆಗೆ ಸುಳ್ಳು ಹೇಳಿ ಹದಿನೈದು ದಿನ ಕಳೆದಿತ್ತು. ಒಂದು ಮಧ್ಯಾಹ್ನ ಮೂಟೆ ಹೊರುವ ಆ ಹುಡುಗನ ಜೊತೆ ಕುಳಿತಿದ್ದಾಗ ಕೇಳಿದೆ: "ನಿಂಗೆ ಬೇಜಾರಾಗಲ್ವೇನೋ, ಆ ಲೋಟ?"

ಅವನು ಹೇಳಿದ: "ಆಯ್ತದೆ ಕಣಣ್ಣ. ಆದ್ರೆ ಓದಿರೋರು ನೀವೇ ಸುಮ್ನಿದ್ರಲ್ಲ. ಅದ್ಕೇ ನಾನೂ ಸುಮ್ನಾದೆ."

ನನ್ನದು ನನಗೆ ಮಾತ್ರ ಸೇರಿದ್ದು ಎಂದುಕೊಂಡಿದ್ದೆ. ನನಗೆ ಪರವಾಗಿಲ್ಲ ಎಂದು ನಾನು ಕುಡಿದ ಒಂದೊಂದು ಲೋಟವೂ ಅವನಿಗೂ ಪರವಾಗಿಲ್ಲ ಎಂದು ಹೇಳುತ್ತಾ ಬಂದಿತ್ತು.

ಸಂಯುತ್ತ ನಿಕಾಯದಲ್ಲೇ ದೊಂಬರಾಟದ ಒಂದು ದೃಷ್ಟಾಂತವಿದೆ. ಬೊಂಬಿನ ಮೇಲೆ ಆಡುವ ಗುರು ಶಿಷ್ಯನಿಗೆ ಹೇಳುತ್ತಾನೆ, ನೀನು ನನ್ನನ್ನು ನೋಡಿಕೋ, ನಾನು ನಿನ್ನನ್ನು ನೋಡಿಕೊಳ್ಳುತ್ತೇನೆ. ಶಿಷ್ಯ ಒಪ್ಪುವುದಿಲ್ಲ. ನೀವು ನಿಮ್ಮನ್ನು ನೋಡಿಕೊಳ್ಳಿ, ನಾನು ನನ್ನನ್ನು ನೋಡಿಕೊಳ್ಳುತ್ತೇನೆ, ಆಗ ಇಬ್ಬರೂ ಸುರಕ್ಷಿತವಾಗಿ ಕೆಳಗಿಳಿಯುತ್ತೇವೆ ಎನ್ನುತ್ತಾನೆ. ಭಗವಾನರು ಶಿಷ್ಯನ ಮಾತೇ ಸರಿ ಎಂದರು. ತನ್ನನ್ನು ಕಾಪಾಡಿಕೊಳ್ಳುವವನು ಇತರರನ್ನೂ ಕಾಪಾಡುತ್ತಾನೆ, ಇತರರನ್ನು ಕಾಪಾಡುವವನು ತನ್ನನ್ನೂ ಕಾಪಾಡಿಕೊಳ್ಳುತ್ತಾನೆ ಎಂದು ಎರಡೂ ಕಡೆಯಿಂದ ವಿವರಿಸಿದರು. ಬೊಂಬಿನ ಮೇಲಿದ್ದಾಗ ಒಬ್ಬನ ಕಾಲು ಜಾರಿದರೆ ಇಬ್ಬರೂ ಬೀಳುತ್ತಾರೆ. ಆ ಮಂಡಿಯಲ್ಲಿ ನಾನೂ ಆ ಹುಡುಗನೂ ಒಂದೇ ಬೊಂಬಿನ ಮೇಲಿದ್ದೆವು.

ಮಾರನೇ ದಿನ ಹೋಗಿ ಹಲಗೆಯ ಮೇಲಿನ ಲೋಟ ತೆಗೆದು ನೀರು ಕುಡಿದೆ. ಕೈ ನಡುಗಿತು. ಮಗಳಿಗೆ ಕೊಟ್ಟಾಗ ನಡುಗಿರಲಿಲ್ಲ, ನನಗೇ ಎಂದಾಗ ನಡುಗಿತು. ಕುಡಿದು, ತೊಳೆದು, ಅದೇ ಹಲಗೆಯ ಮೇಲೆ ಇಟ್ಟೆ. ಯಾರೂ ಜಗಳ ಆಡಲಿಲ್ಲ. ಆದರೆ ಎರಡು ದಿನ ಬಿಟ್ಟು ಹೂಜಿಯೂ ಇಲ್ಲ, ಹಲಗೆಯೂ ಇಲ್ಲ. ಎಲ್ಲರೂ ಮನೆಯಿಂದ ಬಾಟಲಿ ತರಬೇಕು ಎಂದಾಯಿತು. "ನಿನ್ನ ದೆಸೆಯಿಂದ ತಣ್ಣನೆ ನೀರೂ ಹೋಯ್ತು" ಎಂದು ಕೆಲವರು ಗೊಣಗಿದರು. ಯಜಮಾನರು ಲೆಕ್ಕದ ಮಾತು ಬಿಟ್ಟರೆ ನನ್ನ ಜೊತೆ ಬೇರೆ ಮಾತಾಡಲಿಲ್ಲ. ಒಂದು ವರ್ಷದೊಳಗೆ ನಾನು ಬೇರೆ ಕಡೆ ಕೆಲಸ ಹುಡುಕಿಕೊಂಡೆ, ಸಂಬಳ ಸ್ವಲ್ಪ ಕಡಿಮೆಯೇ. ದೊಡ್ಡ ಗೆಲುವು ಎಂದು ನಾನು ಹೇಳುವುದಿಲ್ಲ. ಆದರೆ ಆ ಕಿಟಕಿ ಖಾಲಿಯಾಯಿತು. ಮನೆಗೆ ಹೋಗಿ ಮಗಳಿಗೆ ನಿಜ ಹೇಳಿದೆ: "ಆ ಲೋಟ ನಂದಾಗಿತ್ತು ಕಣವ್ವ. ಈಗಿಲ್ಲ." ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಂಗೆ ಗೊತ್ತಿತ್ತು" ಎಂದಳು.

ಮಕ್ಕಳಿಗೆ ಗೊತ್ತಿರುತ್ತದೆ, ಬಂಧುಗಳೇ. ನಾವು ಅವರಿಗೆ ಕೊಡಿಸುವ ಲೋಟದಿಂದ ಅವರು ಅರ್ಧ ಕಲಿಯುತ್ತಾರೆ. ನಾವು ಕುಡಿಯುವ ಲೋಟದಿಂದ ಇನ್ನರ್ಧ ಕಲಿಯುತ್ತಾರೆ.

ಒಂದು ಮಾತು ಒಪ್ಪಿಕೊಳ್ಳಬೇಕು. ಕೊನೆಗೂ ನಾನು ಎದ್ದದ್ದು ಆ ಹುಡುಗನ ಮಾತಿನಿಂದ, ಮಗಳ ಪ್ರಶ್ನೆಯಿಂದ. ನನಗಾಗಿಯೇ, ನನ್ನೊಬ್ಬನ ಬಾಯಾರಿಕೆಗಾಗಿಯೇ ಎದ್ದೆ ಎಂದು ಎದೆ ಮುಟ್ಟಿ ಹೇಳಲಾರೆ. ಆ ಕೊನೆಯ ಹೆಜ್ಜೆ ನನಗಿನ್ನೂ ಬಾಕಿ ಇದೆ. ಮೈತ್ರಿ ಧ್ಯಾನದ ಮೊದಲ ಸಾಲಿನಲ್ಲಿ ಇಂದಿಗೂ ನನ್ನ ನಾಲಿಗೆ ತೊದಲುತ್ತದೆ. ಅದಕ್ಕೇ ಬೆಳಿಗ್ಗೆ ದಿನಾ ಅಲ್ಲಿಂದಲೇ ಶುರು ಮಾಡುತ್ತೇನೆ.

*ಇಂದಿನ ಅಭ್ಯಾಸ*

1. ಬೆಳಿಗ್ಗೆ ಐದು ನಿಮಿಷ ಕುಳಿತು, ಮೈತ್ರಿಯನ್ನು 'ನಾನು' ಎಂಬಲ್ಲಿಂದಲೇ ಆರಂಭಿಸಿ. ದಾಟಿಕೊಂಡು ಹೋಗಬೇಡಿ. ಬರದಿದ್ದರೆ ಅಲ್ಲೇ ಸ್ವಲ್ಪ ಹೊತ್ತು ಕೂರಿ.

2. ಇವತ್ತು ನಿಮ್ಮ ಬಾಯಲ್ಲಿ 'ನಂದೇನ್ ಬಿಡಿ', 'ನನಗೆ ಪರವಾಗಿಲ್ಲ' ಎಂಬ ಮಾತು ಬಂದರೆ ತಡೆದು ಕೇಳಿಕೊಳ್ಳಿ: ಇದೇ ನನ್ನ ಮಗಳಿಗೆ ಆಗಿದ್ದರೆ ಬಿಡುತ್ತಿದ್ದೆನೇ?

3. ಒಬ್ಬರಿಂದ ಆಗದಿದ್ದರೆ ಇನ್ನೊಬ್ಬರನ್ನು ಜೊತೆಗೆ ಕರೆಯಿರಿ. ಅದು ಸೋಲಲ್ಲ. ಸಂಘ ಇರುವುದೇ ಅದಕ್ಕೆ.

ಎದೆನೋವಿನ ಅಕ್ಕನ ವಿಷಯ ಹೇಳುವುದು ಮರೆತೆ. ಟೀ ಮುಗಿಸುವಷ್ಟರಲ್ಲಿ ಇನ್ನೊಬ್ಬ ಅಕ್ಕ ಅವರ ಕೈ ಹಿಡಿದು, "ಬುಧವಾರ ಬೆಳಿಗ್ಗೆ ನಾನು ಬರ್ತೀನಿ, ಇಬ್ರೂ ಆಸ್ಪತ್ರೆಗೆ ಹೋಗೋಣ. ನೀವು ನಿಮ್ಮತ್ತೆಗೆ ಕಾದ್ರಲ್ಲ ಬಾಗಿಲು, ನಾನು ನಿಮಗೆ ಕಾಯ್ತೀನಿ" ಎಂದರು. ಅಕ್ಕ ಮತ್ತೆ "ನಂದೇನ್..." ಎಂದು ಶುರು ಮಾಡಿ, ಅರ್ಧಕ್ಕೇ ನಿಲ್ಲಿಸಿ, "ಆಯ್ತು" ಎಂದರು.

ಬುಧವಾರ ಅಂದರೆ ನಾಳೆ. ಎಲ್ಲರೂ ನಾಳೆ ಬೆಳಿಗ್ಗೆಯ ಮೈತ್ರಿಯಲ್ಲಿ ಅವರನ್ನೂ ನೆನೆಯಿರಿ. ನಿಮ್ಮನ್ನು ನೆನೆದ ಮೇಲೆ.

ಭವತು ಸಬ್ಬ 
ಮಂಗಲಂ 🙏
ಸಾಧು, ಸಾಧು, ಸಾಧು
ಜೈ ಭೀಮ್, ನಮೋ ಬುದ್ಧಾಯ